ಗೇಟಿನ ಒಳಗಿನ ಕೂಸು

ಚಿಕ್ಕಬೋರಮ್ಮನ ಜೀವಮಾನವೆಲ್ಲ ಕಾಲ ಮೇಲೆಯೇ ಕಳೆಯಿತು. ನಾಟಿ, ಕಳೆ, ಕೊಯ್ಲು, ಕಬ್ಬಿನ ಗರಿ, ಹುಲ್ಲಿನ ಹೊರೆ. ಇಷ್ಟೂ ಮುಗಿದರೆ ತಲೆಯ ಮೇಲೆ ಬದನೆಕಾಯಿ ಕುಕ್ಕೆ ಹೊತ್ತು ಅಕ್ಕಿಹೆಬ್ಬಾಳಿನ ಸ್ಟೇಷನ್ನಿಗೆ ನಡೆ, ಅಲ್ಲಿಂದ ರೈಲು ಹತ್ತಿ ಮೈಸೂರಿಗೆ. ಬಿಸಿ ಮುದ್ದೆಯನ್ನು ಕೂತು ಸಾವಧಾನವಾಗಿ ನುಂಗಿದ್ದು ಅವಳಿಗೆ ನೆನಪೇ ಇಲ್ಲ. ವ್ಯಾಯಾಮ ಅನ್ನುವ ಮಾತು ಅವಳ ಕಿವಿಗೆ ಬಿದ್ದದ್ದೇ ಮೊನ್ನೆ ಮೊನ್ನೆ, ಅದೂ ಆಸ್ಪತ್ರೆಯಲ್ಲಿ. ಆ ಕತೆಗೆ ಆಮೇಲೆ ಬರೋಣ.

ಅವಳು ಎಲ್ಲರಿಗೂ ಹೇಳುವ ಮಾತೊಂದಿತ್ತು. ಕೇಳಿದವರಿಗೂ ಹೇಳುತ್ತಿದ್ದಳು, ಕೇಳದವರನ್ನು ಕೂರಿಸಿಕೊಂಡೂ ಹೇಳುತ್ತಿದ್ದಳು. ಅವಳು ದೊಡ್ಡವಳಾದಾಗ ಸೋದರಮಾವ ಬಂದು ಪದ್ಧತಿಯಂತೆ ಅಂಗಳದಲ್ಲಿ ಹಸಿ ಸೊಪ್ಪಿನ ಗುಡ್ಲು ಹಾಕಿ, ಅದರೊಳಗೆ ಅವಳನ್ನು ಕೂರಿಸಿದ್ದನಂತೆ. ದಿನ ತುಂಬಿದ ಮೇಲೆ ಗುಡ್ಲನ್ನು ಊರಾಚೆ ಹೊತ್ತುಕೊಂಡು ಹೋಗಿ ಸುಟ್ಟರು. ಮಾರನೆಯ ಬೆಳಿಗ್ಗೆಯೇ ಅವಳಪ್ಪ ಅವಳನ್ನು ನಾಟಿಗೆ ಎಬ್ಬಿಸಿದ. "ಮೈಮ್ಯಾಗ್ಲ ಅರಿಸಿಣ ಇನ್ನೂ ಆರಿರ್ನಿಲ್ಲ ಕಣ್ರವ್ವ, ಕೆಸ್ರಿಗೆ ಇಳಿಸ್ಬುಟ್ರು ನನ್ನ! ನನ್ ಮನೆ ಎಣ್ಮಕ್ಳು ಮಾತ್ರ ಕೆಸ್ರು ತುಳೀಕೂಡ್ದು ಅಂತ ಅವತ್ತೇ ಅಂದ್ಕೊಂಡೆ" ಎಂದು ಮಾತು ಮುಗಿಸುವಾಗ ಅವಳ ದನಿ ಗಡುಸಾಗುತ್ತಿತ್ತು.

ಅಂದುಕೊಂಡದ್ದು ನಡೆಯಲು ಒಂದು ತಲೆಮಾರೇ ಬೇಕಾಯಿತು. ಮಗ ಲೋಕೇಶ ಹಸು ಕಟ್ಟಿದ, ಕಬ್ಬು ಹಾಕಿದ, ನಾಲೆ ಏರಿಯ ಪಕ್ಕದಲ್ಲಿ ತಾರಸಿ ಮನೆ ಕಟ್ಟಿದ. ಸೊಸೆ ಸಹನ ಅಂಗನವಾಡಿಯಲ್ಲಿ ಕೆಲಸ ಹಿಡಿದಳು. ಮನೆ ಮುಗಿದ ದಿನ, "ಇನ್ನೇನಾದ್ರೂ ಬೇಕೇನವ್ವ?" ಎಂದು ಲೋಕೇಶ ಕೇಳಿದಾಗ ಮುದುಕಿ ಬೇಡಿದ್ದು ಒಂದೇ ಒಂದು, ಒಂದು ಕಬ್ಬಿಣದ ಗೇಟು. ಮಂಡಿ ನೋವು ಹಿಡಿದುಕೊಂಡ ಮೇಲೆ ಆ ಗೇಟಿನ ಪಕ್ಕದ ಜಗಲಿಯೇ ಅವಳ ಜಾಗವಾಯಿತು. ಯಾರು ಬಂದರೂ, ಯಾರು ಹೋದರೂ ಅವಳ ಕಣ್ಣು ತಪ್ಪಿಸುವಂತಿರಲಿಲ್ಲ.

ಮೊಮ್ಮಗಳು ಅರ್ಪಿತ ಹುಟ್ಟಿದ್ದು ಆ ಮನೆಯಲ್ಲಿ. ಆದರೆ ಕಾಲು ಮಾತ್ರ ಅಜ್ಜಿಯದೇ. ಆ ಮಗು ನಡೆದದ್ದನ್ನು ಊರಲ್ಲಿ ಯಾರೂ ಕಂಡವರಿಲ್ಲ, ಬರೀ ಓಟ. ಬೆಳಗಾದರೆ ಹಾಲಿನ ಕ್ಯಾನು ಹಿಡಿದು ನಾಲೆ ಏರಿಯ ಮೇಲೆ ಡೈರಿಗೆ ಓಡುತ್ತಿದ್ದಳು, ಒಂದು ಹನಿಯೂ ತುಳುಕುತ್ತಿರಲಿಲ್ಲ. ಅಂಥ ಕಾಲನ್ನು ಶಾಲೆಯ ಡ್ರಿಲ್ ಮೇಷ್ಟ್ರು ರಂಗಸ್ವಾಮಿ ಬಿಡುತ್ತಾರೆಯೇ? ಖೊಖೊ ಟೀಮಿಗೆ ಎಳೆದುಕೊಂಡರು, ಓಟಕ್ಕೂ ಸೇರಿಸಿದರು. ಏಳನೇ ಕ್ಲಾಸಿನಲ್ಲಿ ಕೆ.ಆರ್. ಪೇಟೆಯ ಮೈದಾನದಲ್ಲಿ ತಾಲ್ಲೂಕಿಗೇ ಮೊದಲು ಬಂದು ಅರ್ಪಿತ ಕಪ್ಪು ಹಿಡಿದು ಮನೆಗೆ ಬಂದಾಗ, ಚಿಕ್ಕಬೋರಮ್ಮ ಅದರಲ್ಲಿ ಬೆಲ್ಲ ತುಂಬಿ ಬೀದಿಗೆಲ್ಲ ಹಂಚಿದಳು.

ಎಂಟನೇ ಕ್ಲಾಸಿನಲ್ಲಿ ಹುಡುಗಿ ದೊಡ್ಡವಳಾದಳು. ಬೆಳ್ಳೂರು ಕ್ರಾಸಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಸೋದರಮಾವ ಶಿವಶಂಕರ್ ಕಾರಿನ ಮೇಲೆ ತೆಂಗಿನ ಗರಿ, ಅತ್ತಿ ಸೊಪ್ಪು ಹೇರಿಕೊಂಡು ಬಂದ. ಅಂಗಳದಲ್ಲಿ ಗುಡ್ಲು ಎದ್ದಿತು. ಕೊಬ್ಬರಿ, ಬೆಲ್ಲ, ತುಪ್ಪ, ಎಳ್ಳಿನ ಚಿಗಳಿ ಎಲ್ಲವನ್ನೂ ಬೇಡಬೇಡವೆಂದರೂ ತಿನ್ನಿಸಿದರು. ಆರತಿಯ ದಿನ ಶಿವಶಂಕರ್ ಸೀರೆಯ ತಟ್ಟೆಯಲ್ಲಿ ಹೂವಿನ ಜೊತೆ ಒಂದು ಹೊಸ ಫೋನನ್ನೂ ಇಟ್ಟು ಕೊಟ್ಟ. "ಇನ್ನು ಬೀದೀಲಿ ಆಡಂಗಿಲ್ವಲ್ಲ, ಒಳ್ಗೇ ಕುಂತು ಆಡ್ಕೊಳ್ಲಿ" ಎಂದು ನಕ್ಕ. ನೆರೆದವರೂ ನಕ್ಕರು. ಚಿಕ್ಕಬೋರಮ್ಮನಂತೂ ಕಣ್ಣು ತುಂಬಿಕೊಂಡು, "ನನಗೆ ಕುಯ್ಯೋ ಕುಡ್ಲು ಕೊಟ್ರು, ನಿಂಗೆ ಫೋನು ಕೊಟ್ರು. ಪುಣ್ಯ ಮಾಡಿದ್ದೆ ಕಣವ್ವ ನೀನು" ಎಂದು ನೆಟಿಗೆ ಮುರಿದಳು.

ಗುಡ್ಲು ಸುಟ್ಟ ಮರುದಿನದಿಂದ ಮನೆಯಲ್ಲಿ ಹೊಸ ಕಾನೂನು ಬಂತು. ಬರೆದವಳು, ನಡೆಸಿದವಳು ಇಬ್ಬರೂ ಚಿಕ್ಕಬೋರಮ್ಮನೇ. ಡೈರಿಗೆ ಲೋಕೇಶ ಬೈಕಿನಲ್ಲಿ ಹೋಗತಕ್ಕದ್ದು. ಶಾಲೆಗೆ ಆಟೋ ಗೇಟಿನ ಮುಂದೆಯೇ ಬಂದು ಹತ್ತಿಸಿಕೊಂಡು ಗೇಟಿನ ಮುಂದೆಯೇ ಇಳಿಸತಕ್ಕದ್ದು. ಓಟ, ಖೊಖೊ, ಚಡ್ಡಿ ಹಾಕಿ ಮೈದಾನದಲ್ಲಿ ನಿಲ್ಲುವುದು ಎಲ್ಲ ಬಂದ್.

ರಂಗಸ್ವಾಮಿ ಮೇಷ್ಟ್ರು ಗೇಟಿನ ತನಕ ಬಂದರು. "ಅಜ್ಜಿ, ಜಿಲ್ಲೆಗೆ ಹೋಗೋ ಹುಡುಗಿ ಇದು. ಈ ವಯಸ್ಸಲ್ಲೇ ಮೂಳೆ ಬಲಿಯೋದು, ಮೈ ಕಟ್ಕೊಳ್ಳೋದು. ಈಗ ಕೂರಿಸಬೇಡಿ" ಎಂದು ಕೈಮುಗಿದು ಕೇಳಿದರು.

"ಬಿಸ್ಲಲ್ಲಿ ಬೆವರ್ಸಕ್ಕೆ ಅವ್ಳೇನು ಕೂಲಿಯೋರ ಮಗ್ಳಾ ಸ್ವಾಮಿ?" ಎಂದಳು ಮುದುಕಿ. "ನಮ್ ಕಾಲ್ದಾಗೆ ಗತಿ ಇರ್ನಿಲ್ಲ, ಬೆವರಿದ್ವಿ. ಈಗ ಗತಿ ಐತೆ, ಕೂಸು ನೆಳ್ಳಲ್ಲಿ ಇರ್ಲಿ ಬುಡಿ."

ಮೇಷ್ಟ್ರು ಲೋಕೇಶನ ಮುಖ ನೋಡಿದರು. ಲೋಕೇಶ ಅವ್ವನ ಮುಖ ನೋಡಿದ. ಅಲ್ಲಿಗೆ ಆಯಿತು.

ಅರ್ಪಿತ ಅತ್ತಳು. ಊಟ ಬಿಟ್ಟಳು. ಖೊಖೊ ಆಡುವ ಹುಡುಗಿಯರು ಸಾಯಂಕಾಲ ನಾಲೆ ಏರಿಯ ಮೇಲೆ ಕೇಕೆ ಹಾಕಿಕೊಂಡು ಹೋಗುವಾಗ ಗೇಟಿನ ಸರಳು ಹಿಡಿದು ನಿಂತಳು. ಕೆಲವು ವಾರ ಅಷ್ಟೇ. ಆಮೇಲೆ ಅವಳ ಅಳು ನಿಂತಿತು, ಕೈಯಲ್ಲಿ ಫೋನಿತ್ತಲ್ಲ. ಗೆಳತಿಯರು ಅದರೊಳಗೇ ಸಿಕ್ಕರು, ಆಟವೂ ಅದರೊಳಗೇ ಸಿಕ್ಕಿತು. ಶಾಲೆಯಿಂದ ಬಂದವಳು ಕೋಣೆ ಹೊಕ್ಕರೆ ಮುಗಿಯಿತು. ತಟ್ಟೆ ಒಳಗೇ ಹೋಗುತ್ತಿತ್ತು, ತೊಳೆಯಲು ಹೊರಗೆ ಬರುತ್ತಿತ್ತು.

ಚಿಕ್ಕಬೋರಮ್ಮನಿಗೆ ಇದಕ್ಕಿಂತ ನೆಮ್ಮದಿ ಇನ್ನೇನು ಬೇಕು? ಎದುರು ಮನೆಯ ಬೆಟ್ಟಮ್ಮ ಜಗಲಿಗೆ ಬಂದು ಕೂತಾಗಲೆಲ್ಲ, "ನಮ್ ಕೂಸು ಗೇಟು ದಾಟಲ್ಲ ಕಣೆ. ಐತೋ ಇಲ್ವೋ ಅನ್ನಂಗಿರ್ತದೆ" ಎಂದು ಹೇಳಿಕೊಂಡು ಬೀಗುತ್ತಿದ್ದಳು. ಬೆಟ್ಟಮ್ಮನಿಗೂ ಇಬ್ಬರು ಹೆಣ್ಣು ಮೊಮ್ಮಕ್ಕಳು. ಅವಳು ಹೊಟ್ಟೆಕಿಚ್ಚಿನಿಂದ ತಲೆಯಾಡಿಸುತ್ತಿದ್ದಳು, ಬರಬರುತ್ತ ಅವರನ್ನೂ ಮನೆಯೊಳಗೇ ಕೂರಿಸತೊಡಗಿದಳು.

ಹೀಗೆ ಎರಡು ವರ್ಷ ಸರಿದವು. ಅರ್ಪಿತ ಹತ್ತನೇ ಕ್ಲಾಸಿಗೆ ಬಂದಳು. ಮೈ ಊದಿತ್ತು. ಕತ್ತಿನ ಹಿಂದೆ ಕಪ್ಪು ಕಟ್ಟಿತ್ತು. ಅದು ಕೊಳೆಯೆಂದು ಸಹನ ಉಜ್ಜಿದ್ದೇ ಉಜ್ಜಿದ್ದು, ಹೋಗಲಿಲ್ಲ. ಬೆಳಿಗ್ಗೆ ಎಬ್ಬಿಸಿದರೆ ಸಿಡಿಮಿಡಿ, ಸಾಯಂಕಾಲ ತಲೆನೋವು. ತಾರಸಿಯ ಮೇಲಿನ ಬಟ್ಟೆ ತಾ ಎಂದರೆ ಮೆಟ್ಟಿಲ ನಡುವೆ ನಿಂತು ಏದುಸಿರು ಬಿಡುತ್ತಿದ್ದಳು. ನಾಲೆ ಏರಿಯ ಮೇಲೆ ಕ್ಯಾನು ತುಳುಕಿಸದೆ ಓಡುತ್ತಿದ್ದ ಕಾಲುಗಳೇ ಅವು ಎಂದರೆ ಹೊಸಬರು ನಂಬುತ್ತಿರಲಿಲ್ಲ. ಚಿಕ್ಕಬೋರಮ್ಮ ಮಾತ್ರ, "ಮೈ ತುಂಬ್ಕೊಂಡದೆ, ಲಕ್ಸಣವಾಗವ್ಳೆ" ಎನ್ನುತ್ತಿದ್ದಳು. ಬಡತನದಲ್ಲಿ ಬೆಳೆದವಳ ಕಣ್ಣಿಗೆ ದಪ್ಪಗಿರುವುದೇ ಆರೋಗ್ಯ, ಪಾಪ.

ಆದರೆ ಒಂದು ವಿಷಯ ಅವಳ ಕಣ್ಣಿಗೆ ಬೀಳದೆ ಹೋಗಲು ಸಾಧ್ಯವಿರಲಿಲ್ಲ. ಮುಟ್ಟಿನ ದಿನಗಳಲ್ಲಿ ಆ ಮನೆಯ ಹೆಂಗಸರು ಹಿಂದಿನ ಕೋಣೆಯಲ್ಲಿ ಬೇರೆ ಚಾಪೆ ಹಾಸಿಕೊಂಡು ಮಲಗಬೇಕು. ಅರ್ಪಿತಳ ಚಾಪೆ ಸುರುಳಿ ಸುತ್ತಿ ಮೂಲೆಯಲ್ಲಿ ನಿಂತದ್ದು ಹಾಗೇ ನಿಂತಿತ್ತು. ಒಂದು ದಿನ ಮುದುಕಿ ಅದನ್ನು ಮುಟ್ಟಿ ನೋಡಿದಳು, ಕೈಗೆಲ್ಲ ಧೂಳು. ಎಷ್ಟು ತಿಂಗಳಾಯಿತು? ಬೆರಳು ಮಡಿಸಿ ಲೆಕ್ಕ ಹಾಕಿದಳು, ಒಂದು ಕೈಯ ಬೆರಳು ಸಾಲಲಿಲ್ಲ. ಗೇಟಿನ ಪಕ್ಕದಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದೆನಲ್ಲ, ಎಲ್ಲಿ, ಯಾವಾಗ, ಯಾರು? ಅಯ್ಯೋ ದೇವರೇ!

ಸೊಸೆಯನ್ನು ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಪಿಸುಗುಟ್ಟಿದಳು. ಸಹನ ಬಿಳಿಚಿಕೊಂಡಳು. ಇಬ್ಬರೂ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು.

"ನಿಜ ಬೊಗ್ಳು. ಏನ್ ಮಾಡ್ಕೊಂಡೆ?" ಎಂದಳು ಅಜ್ಜಿ.

ಅರ್ಪಿತಳಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಫೋನು ಕೈಯಿಂದ ಜಾರಿ ಹಾಸಿಗೆಯ ಮೇಲೆ ಬಿತ್ತು. "ಅಜ್ಜಿ, ನಾನು ಗೇಟೇ ದಾಟಿಲ್ಲ ಕಣಜ್ಜಿ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನು ಕೇಳಿ ಮುದುಕಿಗೆ ಇನ್ನೂ ಭಯವಾಯಿತು.

ಕೆ.ಆರ್. ಪೇಟೆಯ ಡಾಕ್ಟರಮ್ಮ ರಕ್ತ ನೋಡಿದರು, ಸ್ಕ್ಯಾನಿಂಗ್ ಮಾಡಿಸಿದರು. ನೀವು ಹೆದರಿದ್ದು ಯಾವುದೂ ಅಲ್ಲ ಎಂದು ಮೊದಲಿಗೇ ಹೇಳಿಬಿಟ್ಟರು. ಸಹನ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಆಮೇಲೆ ಡಾಕ್ಟರಮ್ಮ ಹುಡುಗಿಯ ಕಡೆ ತಿರುಗಿ, "ಏನು ಆಟ ಆಡ್ತೀಯ ಮರಿ?" ಎಂದು ಕೇಳಿದರು. ಅರ್ಪಿತ ತಲೆ ತಗ್ಗಿಸಿದಳು.

"ಆಟ ಗೀಟ ಏನೂ ಇಲ್ಲ ತಾಯಿ" ಎಂದು ಚಿಕ್ಕಬೋರಮ್ಮನೇ ಮುಂದೆ ಬಂದಳು. ಸುದ್ದಿ ಕೇಳಿ ಹೋದ ಜೀವ ಬಂದಂತಾಗಿತ್ತಲ್ಲ, ಹೆಮ್ಮೆಯೂ ಜೊತೆಯಲ್ಲೇ ಬಂದಿತ್ತು. "ಒಳ್ಳೆ ಕೂಸು. ಸ್ಕೂಲು ಬುಟ್ರೆ ಮನೆ. ದೊಡ್ಡೋಳಾದಾಗಿಂದ ಗೇಟು ದಾಟಿಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅದೇ ಅಜ್ಜಿ ಆಗಿರೋದು" ಎಂದರು. ಈ ವಯಸ್ಸಿನಲ್ಲಿ ತಿಂಗಳು ಒಂದಿಷ್ಟು ಏರುಪೇರಾಗುವುದು ಸಹಜ, ಆದರೆ ಇವಳದು ಅಷ್ಟೇ ಅಲ್ಲ. ಮೈ ಅಲುಗುತ್ತಿಲ್ಲ, ಬಿಸಿಲು ಬೀಳುತ್ತಿಲ್ಲ, ನಿದ್ದೆ ಇಲ್ಲ, ಹೊತ್ತೆಲ್ಲ ಫೋನು. ಹೀಗೇ ಬಿಟ್ಟರೆ ಸಕ್ಕರೆ ಕಾಯಿಲೆ ದೂರವಿಲ್ಲ. "ಮಾತ್ರೆ ಬರ್ಕೊಡ್ತೀನಿ, ಆದರೆ ಔಷಧಿ ಅದಲ್ಲ. ದಿನಾ ಒಂದು ಗಂಟೆ ಬೆವರು ಬರೋ ಹಾಗೆ ಓಡಲಿ, ಆಡಲಿ. ವ್ಯಾಯಾಮ ಬೇಕು. ಫೋನು ಕಮ್ಮಿ ಮಾಡಿ, ಬಾಗಿಲು ತೆಗೀರಿ."

ಚಿಕ್ಕಬೋರಮ್ಮ ಮಾತ್ರೆಯ ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಬಸ್ಸಿನಲ್ಲಿ ಊರು ಬರುವ ತನಕ ಅವಳ ಕೈ ಆ ಗಂಟಿನ ಮೇಲೆಯೇ ಇತ್ತು.

ಮನೆಯಲ್ಲಿ ಲೋಕೇಶ ಎಲ್ಲವನ್ನೂ ಕೇಳಿಸಿಕೊಂಡ. ಡಾಕ್ಟರು ಹೇಳಿದ್ದು ಎರಡು ಮಾತು. ಅವನು ಸುಲಭವಾದ ಒಂದನ್ನು ಹಿಡಿದುಕೊಂಡ. "ಎಲ್ಲಾ ಈ ಫೋನಿಂದ್ಲೇ ಆಗಿದ್ದು!" ಎಂದು ಮಗಳ ಕೈಯಿಂದ ಅದನ್ನು ಕಿತ್ತು ಬೀರುವಿಗೆ ಹಾಕಿ ಬೀಗ ಜಡಿದ. ಗೇಟಿನ ಮಾತು ಬಂದಾಗ, "ಈಗ್ಲಾ? ಆಸ್ಪತ್ರೆಗೆ ಓಗಿದ್ದು ಆಗ್ಲೇ ಬೀದಿಗೆಲ್ಲ ಗೊತ್ತಾಗದೆ. ಒಂದೊಂದು ಬಾಯಿಗೆ ಒಂದೊಂದು ಮಾತು. ಈಗ ಇವ್ಳನ್ನ ಏರಿ ಮ್ಯಾಲೆ ಓಡಕ್ ಬುಟ್ರೆ ಏನಂದ್ಕೊಂಡಾರು? ಪರೀಕ್ಸೆ ಮುಗೀಲಿ ನೋಡವ" ಎಂದ.

ಗೇಟು ಮೊದಲೇ ಮುಚ್ಚಿತ್ತು. ಈಗ ಬೀರುವೂ ಮುಚ್ಚಿತು. ಮಗು ಎಲ್ಲಿಗೆ ಹೋಗಬೇಕು?

ತಾರಸಿಯ ಮೇಲಾದರೂ ನಡೆಯಲಿ ಎಂದು ಸಹನ ದಾರಿ ಹುಡುಕಿದಳು. ಸಂಜೆ ಅರ್ಪಿತ ಮೇಲೆ ಹತ್ತಿ ನೀರಿನ ಟ್ಯಾಂಕಿನ ಸುತ್ತ ತಿರುಗತೊಡಗಿದಳು. ಕೆಳಗೆ ಮಂಚದ ಮೇಲೆ ಕೂತ ಚಿಕ್ಕಬೋರಮ್ಮನಿಗೆ ಆ ಚಪ್ಪಲಿಯ ಸದ್ದು ಕೇಳಿಸುತ್ತಿತ್ತು, ಈ ಮೂಲೆಯಿಂದ ಆ ಮೂಲೆಗೆ, ಆ ಮೂಲೆಯಿಂದ ಈ ಮೂಲೆಗೆ. ಅವಳಪ್ಪನ ಕಾಲದ ಆಲೆಮನೆಯಲ್ಲಿ ಗಾಣಕ್ಕೆ ಕಟ್ಟಿದ ಎತ್ತು ಹೀಗೇ ಸುತ್ತುತ್ತಿತ್ತು. ಆ ಎತ್ತಿಗೆ ಸುತ್ತಿನ ಕೊನೆಗೆ ಕಬ್ಬಿನ ಸೋಗೆಯಾದರೂ ಸಿಗುತ್ತಿತ್ತು. ಸದ್ದು ಕೇಳಲಾರದೆ ಮುದುಕಿ ಕೊಟ್ಟಿಗೆಗೆ ಎದ್ದುಹೋಗುತ್ತಿದ್ದಳು.

ಆ ಸದ್ದೂ ಬೇಗ ನಿಂತಿತು. ಅರ್ಪಿತ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಶಾಲೆಗೆ ಹೋಗುವುದಿಲ್ಲ ಎಂದಳು. ತಟ್ಟೆ ಹೋದ ಹಾಗೆಯೇ ವಾಪಸು ಬಂತು. ಲೋಕೇಶ ಗದರಿದ, ಸಹನ ಗೋಗರೆದಳು. ಅಜ್ಜಿ ಹತ್ತಿರ ಕೂತು ತಲೆ ಸವರಿದಾಗ ಮಾತ್ರ ಗೋಡೆಗೇ ಹೇಳುವಂತೆ ಅವಳು ಕೇಳಿದಳು: "ಅಜ್ಜಿ, ದೊಡ್ಡೋಳಾಗಿದ್ದು ಬಿಟ್ರೆ ನಾನು ಇನ್ನೇನು ತಪ್ಪು ಮಾಡ್ದೆ?"

ಚಿಕ್ಕಬೋರಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು. ಬಾಗಿಲು ತೆಗೆದರೆ ಬೀದಿಯ ಬಾಯಿ, ತೆಗೆಯದಿದ್ದರೆ ಈ ಕೂಸು. ಬೀದಿಯ ಬಾಯಿಯನ್ನು ಇಷ್ಟು ದಿನ ಸಾಕಿದವಳು ತಾನೇ ಅಲ್ಲವೇ? ಯಾರ ಮನೆಯ ಹುಡುಗಿ ಎಲ್ಲಿ ನಿಂತಳು, ಯಾರ ಜೊತೆ ನಕ್ಕಳು ಎಂದು ಬೆಟ್ಟಮ್ಮನ ಜೊತೆ ಕೂತು ಜಾಲಾಡಿದವಳು ತಾನೇ. ಈಗ ಆ ಬಾಯಿ ತನ್ನ ಮನೆಯ ಕಡೆ ತಿರುಗಿದೆ.

ಮರುದಿನ ಬೆಳಿಗ್ಗೆ ಲೋಕೇಶ ಹಾಲು ಕರೆದು, ಕ್ಯಾನನ್ನು ಬೈಕಿಗೆ ಸಿಕ್ಕಿಸಲು ಹೊರಟಿದ್ದ. ಅವ್ವ ಬಂದು ಅಡ್ಡ ನಿಂತಳು.

"ಬೀರು ಬೀಗದ ಕೈ ಕೊಡ್ಲಾ."

"ಯಾಕವ್ವ?"

"ಫೋನು ಆಚೆ ತೆಗಿ. ಕ್ಯಾನು ಇಲ್ಲಿಡು. ಇವತ್ತು ಹಾಲು ನಾವು ತಗೊಂಡೋಯ್ತೀವಿ, ನಾನೂ ಕೂಸೂ."

"ನಿನ್ ಮಂಡಿ ಇಟ್ಕೊಂಡು? ಜನ ಏನ…"

"ಜನ ಏನಾರ ಅಂದ್ಕಳ್ಲಿ ಕಣ್ಲಾ!" ಎಂದು ಮುದುಕಿ ಕಿರುಚಿದ ರಭಸಕ್ಕೆ ಕಟ್ಟಿದ ಹಸು ಕಿವಿ ನಿಮಿರಿಸಿತು. "ಗೇಟು ಕೇಳ್ದೋಳು ನಾನು. ಮುಚ್ಚಿದೋಳೂ ನಾನು. ಈಗ ತೆಗೀತಿರೋಳೂ ನಾನೇ. ಸರ್ಕೊ ಅತ್ಲಾಗೆ."

ಲೋಕೇಶ ಸರಿದ. ಇನ್ನೇನು ಮಾಡಿಯಾನು? ಬೀರು ತೆಗೆದು ಫೋನನ್ನು ತಂದು ಅವಳ ಕೈಗಿಟ್ಟ.

ಚಿಕ್ಕಬೋರಮ್ಮ ಒಳಗೆ ಹೋಗಿ ಮೊಮ್ಮಗಳ ದಿಂಬಿನ ಪಕ್ಕದಲ್ಲಿ ಫೋನಿಟ್ಟಳು. "ಇದ್ನ ಯಾರೂ ಕಿತ್ಕಳಲ್ಲ, ಬಂದು ನೋಡ್ಕೊಳುವಂತೆ. ಏಳು, ಡೈರಿಗೆ ಓಗವ" ಎಂದಳು. ಅರ್ಪಿತ ಬಹಳ ಹೊತ್ತು ಅಲುಗಲಿಲ್ಲ. ಮುದುಕಿ ನಿಂತೇ ಇದ್ದಳು. ಮಂಡಿ ಚುಳುಕೆನ್ನುತ್ತಿತ್ತು, ಕೂರಲಿಲ್ಲ. ಕೊನೆಗೆ ಹುಡುಗಿ ಎದ್ದು ದುಪಟ್ಟಾ ಹೊದ್ದುಕೊಂಡಳು. ಮುಖ ಮುಚ್ಚುವಂತೆ ಹೊದ್ದುಕೊಂಡಳು. ಅಜ್ಜಿ ಅದನ್ನು ಹಿಂದಕ್ಕೆ ಸರಿಸಿದಳು.

ಗೇಟು ದಾಟಿದ ಕೂಡಲೇ ಎದುರು ಜಗಲಿಯಿಂದ ಬೆಟ್ಟಮ್ಮ ಕೇಳಿಯೇಬಿಟ್ಟಳು: "ಏನಕ್ಕ, ಕೂಸು ಆಚಿಗೆ ಬಂದ್ಬುಟ್ಟದೆ? ಉಸಾರಿರ್ನಿಲ್ವಂತೆ, ಆಸ್ಪತ್ರೆಗೆ ಓಗಿದ್ರಂತೆ?"

"ಊಂ ಕಣೆ ಬೆಟ್ಟಿ. ಒಳಗೆ ಕೂಡಾಕಿದ್ದಕ್ಕೆ ಕಾಯ್ಲೆ ಬಂದಿತ್ತು. ನಿನ್ ಮೊಮ್ಮಕ್ಕಳ್ನೂ ಆಚೆ ಬುಡು" ಎಂದು ಚಿಕ್ಕಬೋರಮ್ಮ ತಿರುಗಿಯೂ ನೋಡದೆ ನಡೆದಳು.

ನಾಲೆ ಏರಿಯ ಮೇಲೆ ಇಬ್ಬರೂ ನಿಧಾನಕ್ಕೆ ಹೋದರು. ಒಬ್ಬಳಿಗೆ ಮಂಡಿ, ಒಬ್ಬಳಿಗೆ ಉಸಿರು. ಕ್ಯಾನು ಆ ಕೈಯಿಂದ ಈ ಕೈಗೆ ಬದಲಾಗುತ್ತಲೇ ಇತ್ತು. ದಾರಿಯಲ್ಲಿ ಬೈಕುಗಳು ನಿಧಾನಿಸಿದವು, ಕಣ್ಣುಗಳು ತಿರುಗಿದವು. ಮೋರಿ ಕಟ್ಟೆ ಬರುವಷ್ಟರಲ್ಲಿ ಅರ್ಪಿತ ಕ್ಯಾನನ್ನು ನೆಲಕ್ಕಿಟ್ಟು ಕೂತುಬಿಟ್ಟಳು. ಎದೆ ಹೊಡೆದುಕೊಳ್ಳುತ್ತಿತ್ತು. ಮುಖವೆಲ್ಲ ಬೆವರು. ಕ್ಯಾನಿನ ಮುಚ್ಚಳದ ಸುತ್ತ ಹಾಲು ತುಳುಕಿ ಒದ್ದೆಯಾಗಿತ್ತು. ಅದನ್ನು ನೋಡಿ ಅವಳಿಗೆ ಅಳು ಬಂತು.

"ಇಲ್ಲೆಲ್ಲಾ ನಿಲ್ದೇ ಓಡ್ತಿದ್ದೆ ಅಲ್ವಾ ಅಜ್ಜಿ ನಾನು? ಈಗ ನಡಿಯಕ್ಕೇ ಆಗ್ತಿಲ್ಲ."

"ಆಯ್ತದೆ ಬುಡು, ದಿನಾ ಬಂದ್ರೆ ಆಯ್ತದೆ. ರಂಗಸ್ವಾಮಿ ಮೇಷ್ಟ್ರನ್ನ ನಾನೇ ಕೇಳ್ತೀನಿ."

"ಟೀಮಲ್ಲಿ ಈಗ ಬೇರೆಯೋರು ಅವ್ರೆ" ಎಂದಳು ಅರ್ಪಿತ. ನಾಲೆಯಾಚೆಯ ಗದ್ದೆಯಲ್ಲಿ ಹೆಂಗಸರು ನಾಟಿಗೆ ಇಳಿದಿದ್ದರು, ಏನೋ ತಮಾಷೆ ಮಾಡಿಕೊಂಡು ಗೊಳ್ಳೆಂದು ನಗುತ್ತಿದ್ದರು. ಅರ್ಪಿತ ಅವರನ್ನೇ ನೋಡುತ್ತ ಕಣ್ಣೊರೆಸಿಕೊಂಡಳು. ಆಮೇಲೆ ಕೇಳಿದಳು: "ಅಜ್ಜಿ, ನಿನ್ನ ಗುಡ್ಲು ಸುಟ್ಟ ಮಾರನೇ ದಿನ ನಾಟಿಗೆ ಕಳ್ಸಿದ್ರಲ್ಲ, ತುಂಬಾ ಅತ್ತ್ಯಾ ನೀನು?"

ಅತ್ತಿದ್ದೆ ಎಂದು ಹೇಳಲು ಚಿಕ್ಕಬೋರಮ್ಮ ಬಾಯಿ ತೆಗೆದಳು. ಜೀವಮಾನವೆಲ್ಲ ಹೇಳಿಕೊಂಡು ಬಂದ ಮಾತು, ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಎದುರಿಗೆ ಕೆಸರಿತ್ತು, ನಗುವ ಹೆಂಗಸರಿದ್ದರು, ಮತ್ತು ಆ ಬೆಳಗು ಇದ್ದಕ್ಕಿದ್ದಂತೆ ಕಣ್ಣ ಮುಂದೆ ಬಂದು ನಿಂತಿತು. ಗುಡ್ಲಿನಲ್ಲಿ ಕೂತು ಕೂತು ಅವಳ ಕಾಲು ಜೋಮು ಹಿಡಿದಿತ್ತು. ಗದ್ದೆಗೆ ಇಳಿದಾಗ ತಣ್ಣನೆಯ ಕೆಸರು ಮೀನಖಂಡದ ತನಕ ಏರಿತ್ತು. ಜೊತೆಯ ಹುಡುಗಿಯರು ಅವಳಿಗೆ ಕೆಸರೆರಚಿ ಅಣಕಿಸಿದ್ದರು. ಅವಳೂ ಎರಚಿ ಬದುವಿನುದ್ದಕ್ಕೂ ಓಡಿದ್ದಳು.

"ಇಲ್ಲ ಕಣವ್ವ" ಎಂದಳು. ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು. "ಅಳ್ನಿಲ್ಲ. ನಕ್ಕಿದ್ದೆ. ಓಡಿದ್ದೆ. ಜೀವ ಬಂದಂಗಾಗಿತ್ತು."

ಅರ್ಪಿತ ಅಜ್ಜಿಯ ಮುಖವನ್ನು ನೋಡಿದಳು. "ನನ್ನ ಗುಡ್ಲು ಸುಟ್ಟೇ ಇಲ್ಲ ಅಲ್ವಾ ಅಜ್ಜಿ?" ಎಂದಳು.

ಚಿಕ್ಕಬೋರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಎರಡು ವರ್ಷ! ತನ್ನನ್ನು ಕೂರಿಸಿದ್ದು ಕೆಲವೇ ದಿನ, ಅಷ್ಟಕ್ಕೇ ಕಾಲು ಜೋಮು ಹಿಡಿದಿತ್ತು. ಈ ಕೂಸನ್ನು ಎರಡು ವರ್ಷ ಕೂರಿಸಿ, ಅದೇ ಪ್ರೀತಿ ಎಂದುಕೊಂಡಿದ್ದಳಲ್ಲ. ಅವಳು ಅಲ್ಲೇ ಏರಿಯ ಮೇಲೆ, ಹೋಗುವವರು ಬರುವವರು ನೋಡುತ್ತಿರುವಂತೆಯೇ ಅತ್ತುಬಿಟ್ಟಳು.

ಡೈರಿಯ ಕಡೆಯಿಂದ ಜನ ಖಾಲಿ ಕ್ಯಾನು ಹಿಡಿದು ವಾಪಸು ಬರುತ್ತಿದ್ದರು. ಬಾಗಿಲು ಹಾಕುವ ಹೊತ್ತಾಗಿತ್ತು. ಅರ್ಪಿತ ಗಾಬರಿಯಾಗಿ ಎದ್ದು ಕ್ಯಾನಿಗೆ ಕೈ ಹಾಕಿದಳು. ಒಂದು ದಿನವೂ ಹಾಲು ತಡವಾಗಲು ಬಿಟ್ಟವಳಲ್ಲ ಅವಳಜ್ಜಿ. ಚಿಕ್ಕಬೋರಮ್ಮ ಮೂಗೊರೆಸಿಕೊಂಡು ಕ್ಯಾನಿನ ಹಿಡಿಯ ಇನ್ನೊಂದು ಪಕ್ಕವನ್ನು ತಾನು ಹಿಡಿದುಕೊಂಡಳು.

"ಹಾಲು ಒಡೆದೋದ್ರೆ ಓಗ್ಲಿ ಬುಡವ್ವ" ಎಂದಳು. "ನೀನು ನಿಧಾನಕ್ಕೆ ನಡಿ."